ಮೂಳೆ ಒಪ್ಪಿಕೊಂಡ ಲೋಹ

ಚಿನ್ನಮನೂರಿನ ಹೆಸರು ಚರಿತ್ರೆಯ ಪುಸ್ತಕಗಳಿಗೆ ಸೇರಿದ್ದು ತಾಮ್ರದ ಮೂಲಕ. ತಮಿಳುನಾಡಿನ ತೇನಿ ಜಿಲ್ಲೆಯ ಈ ಊರಿನಲ್ಲಿ ಪಾಂಡ್ಯರ ಎರಡು ತಾಮ್ರಶಾಸನಗಳು ಸಿಕ್ಕವು. ದೊಡ್ಡದು 10ನೇ ಶತಮಾನದ ಆರಂಭದಲ್ಲಿ ಆಳಿದ ರಾಜಸಿಂಹನದು. ಮಹಾಭಾರತವನ್ನು ತಮಿಳಿಗೆ ತರಿಸಿದ ಮತ್ತು ಮದುರೆಯಲ್ಲಿ ಸಂಘವನ್ನು ಸ್ಥಾಪಿಸಿದ ಪಾಂಡ್ಯ ಪೂರ್ವಜರ ನೆನಪು ಅದರಲ್ಲಿ ಬರುತ್ತದೆ. ಇವುಗಳನ್ನು ಓದಿ, ಪಾಠ ಸಿದ್ಧಪಡಿಸಿ ಪ್ರಕಟಿಸಿದವರು ಹೊಸಕೋಟೆ ಕೃಷ್ಣಶಾಸ್ತ್ರಿಗಳು. ರಾಯಚೂರು ಸೀಮೆಯ ಮಸ್ಕಿಯಲ್ಲಿ ಸಿಕ್ಕ ಅಶೋಕನ ಶಾಸನವನ್ನು 1915ರಲ್ಲಿ ವಿದ್ವಲ್ಲೋಕದ ಮುಂದಿಟ್ಟವರೂ ಅವರೇ.

ಸಾವಿರ ವರ್ಷ ಕಳೆದ ಮೇಲೂ ಆ ತಗಡುಗಳ ಅಕ್ಷರ ಓದಲು ಸಿಕ್ಕಿದ್ದಕ್ಕೆ ತಾಮ್ರದ ಮೇಲ್ಮೈಯೇ ಕಾರಣ. ಗಾಳಿ, ತೇವ ತಗುಲಿದಾಗ ತಾಮ್ರದ ಹೊರಮೈಯಲ್ಲಿ ಒಂದು ಪದರ ಕಟ್ಟುತ್ತದೆ. ಆ ಪದರ ಒಳಗಿನ ಲೋಹ ಬೇಗ ಸವೆಯದಂತೆ ತಡೆಯುತ್ತದೆ. ಕಬ್ಬಿಣಕ್ಕೆ ಆ ಭಾಗ್ಯವಿಲ್ಲ. ಅದರ ತುಕ್ಕು ಹೊಪ್ಪಳಿಕೆಯಾಗಿ ಉದುರುತ್ತದೆ, ಕೆಳಗೆ ಹೊಸ ಕಬ್ಬಿಣ ತೆರೆದುಕೊಂಡು ಅದೂ ತುಕ್ಕಾಗುತ್ತದೆ. ಲೋಹ ಬಾಳುವುದೋ ಅಳಿಯುವುದೋ ಎಂಬುದು ಅದರ ಹೊರಮೈಯಲ್ಲೇ ತೀರ್ಮಾನವಾಗುತ್ತದೆ.

ಮನುಷ್ಯನ ಮೈಯೊಳಗೆ ಸೇರುವ ಲೋಹಕ್ಕೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಅಲ್ಲಿರುವುದು 37 ಡಿಗ್ರಿ ಬಿಸಿಯ ಉಪ್ಪುನೀರು, ಅದರಲ್ಲಿ ಪ್ರೋಟೀನುಗಳು, ಪರಕೀಯ ವಸ್ತುವಿನ ಮೇಲೆ ಎರಗಲು ಸಜ್ಜಾದ ಜೀವಕೋಶಗಳು. ಜೊತೆಗೆ ನಡಿಗೆಯ, ಜಗಿತದ, ಹೃದಯಬಡಿತದ ಬಿಡುವಿಲ್ಲದ ಅಲುಗಾಟ. ಇಂದು ಚಿನ್ನಮನೂರು ಇರುವ ಕಂಬಂ ಕಣಿವೆಯ ಹಿರಿಯರೊಬ್ಬರು ಮದುರೈಗೆ ಹೋಗಿ ಸೊಂಟದ ಕೀಲು ಬದಲಾಯಿಸಿಕೊಂಡು ಬಂದರೆ, ಇಲ್ಲವೇ ದವಡೆಗೆ ಹಲ್ಲಿನ ಇಂಪ್ಲಾಂಟ್ ಹಾಕಿಸಿಕೊಂಡರೆ, ಅವರ ಮೂಳೆಗೆ ತಾಗಿ ಕುಳಿತಿರುವ ಲೋಹ ಬಹುಮಟ್ಟಿಗೆ ಟೈಟೇನಿಯಂ. ಮನೆಯೊಳಗೆ ಕನ್ನಡವನ್ನೇ ಆಡುವ ಕಾಪಿಲಿಯ ಒಕ್ಕಲಿಗರು ತಲೆಮಾರುಗಳಿಂದ ಬಾಳಿಕೊಂಡು ಬಂದಿರುವ ಕಣಿವೆ ಇದು. ಅಲ್ಲಿನ ಹಳ್ಳಿಗಳವರೆಗೂ ಈ ಲೋಹ ಬಂದು ಮುಟ್ಟಿದ ದಾರಿ ದೀರ್ಘವಾದುದು. ಅದು ಬಹುಪಾಲು ಮೇಲ್ಮೈಯ ಚರಿತ್ರೆ.

ಮುರಿದ ಮೂಳೆಯನ್ನು ಲೋಹದಿಂದ ಜೋಡಿಸುವ ಆಸೆ ಹಳೆಯದು. 1890ರ ದಶಕದಲ್ಲಿ ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಆರ್ಬತ್‌ನಾಟ್ ಲೇನ್ ಉಕ್ಕಿನ ಪಟ್ಟಿ, ತಿರುಪುಗಳನ್ನು ಬಳಸತೊಡಗಿದರು. ಕೈಚಳಕಕ್ಕೂ ಶುಚಿತ್ವಕ್ಕೂ ಹೆಸರಾಗಿದ್ದ ಅವರನ್ನು ಸೋಲಿಸಿದ್ದು ತುಕ್ಕು. 1926ರ ಹೊತ್ತಿಗೆ ಕ್ರೋಮಿಯಂ ಮತ್ತು ನಿಕ್ಕಲ್ ಬೆರೆತ ಸ್ಟೇನ್‌ಲೆಸ್ ಸ್ಟೀಲ್ ಶಸ್ತ್ರಚಿಕಿತ್ಸೆಗೆ ಬಂತು. 1930ರ ದಶಕದಲ್ಲಿ ಕೋಬಾಲ್ಟ್–ಕ್ರೋಮಿಯಂ ಮಿಶ್ರಲೋಹ ಮೊದಲು ಹಲ್ಲಿನ ಕೆಲಸಕ್ಕೆ, ಆಮೇಲೆ ಮೂಳೆಗೆ ಬಂತು. ಇವೆರಡೂ ಬಾಳಿದವು. ಆದರೆ ದೇಹ ಇವುಗಳನ್ನು ಸಹಿಸಿಕೊಂಡಿತೇ ಹೊರತು ತನ್ನದೆಂದು ಬಗೆಯಲಿಲ್ಲ. ಮೂಳೆಗೂ ಲೋಹಕ್ಕೂ ನಡುವೆ ಸಾಮಾನ್ಯವಾಗಿ ನಾರಿನಂಥ ಮೆತ್ತನೆಯ ಅಂಗಾಂಶದ ತೆರೆಯೊಂದು ಬೆಳೆಯುತ್ತಿತ್ತು.

ಅಷ್ಟು ಹೊತ್ತಿಗೆ ಟೈಟೇನಿಯಂ ಪತ್ತೆಯಾಗಿ ಶತಮಾನವೇ ಕಳೆದಿತ್ತು. 1791ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ವಿಲಿಯಂ ಗ್ರೆಗರ್ ಎಂಬ ಪಾದ್ರಿ ಹೊಳೆಯ ಕಪ್ಪು ಮರಳನ್ನು ಪರೀಕ್ಷಿಸುವಾಗ ಗೊತ್ತಿಲ್ಲದ ಧಾತುವೊಂದರ ಸುಳಿವು ಹಿಡಿದಿದ್ದರು. 1795ರಲ್ಲಿ ಬರ್ಲಿನ್ನಿನ ಮಾರ್ಟಿನ್ ಕ್ಲಾಪ್ರೋಥ್ ಅದಕ್ಕೆ ಗ್ರೀಕ್ ಪುರಾಣದ ಟೈಟನ್‌ಗಳ ಹೆಸರಿಟ್ಟರು. ಹೆಸರು ಬಂದರೂ ಲೋಹ ಕೈಗೆ ಬರಲಿಲ್ಲ. ಆಮ್ಲಜನಕದ ಮೇಲೆ ಟೈಟೇನಿಯಂಗೆ ಇರುವ ಸೆಳೆತ ಅಷ್ಟು ಬಲವಾದುದು. ಇಂಗಾಲದೊಡನೆ ಕುಲುಮೆಗೆ ಹಾಕಿ ಕಬ್ಬಿಣದಂತೆ ಅದನ್ನು ಬಿಡಿಸಿಕೊಳ್ಳಲು ಆಗದು. 1910ರಲ್ಲಿ ಅಮೆರಿಕದ ಮ್ಯಾಥ್ಯೂ ಹಂಟರ್ ಸೋಡಿಯಂ ಬಳಸಿ ಶುದ್ಧ ಲೋಹವನ್ನು ಪಡೆದರು. ಲಕ್ಸೆಂಬರ್ಗ್‌ನ ವಿಲಿಯಂ ಕ್ರೋಲ್ 1930ರ ದಶಕದ ಕೊನೆಗೆ ಮೆಗ್ನೀಸಿಯಂ ಬಳಸುವ ವಿಧಾನವನ್ನು ಪಳಗಿಸಿದರು. ಕಾರ್ಖಾನೆಯಲ್ಲಿ ಅದು ತಯಾರಾಗಿ ಮಾರುಕಟ್ಟೆಗೆ ಬಂದದ್ದು 1948ರಲ್ಲಿ. ಜಗತ್ತಿನ ಟೈಟೇನಿಯಂ ಇಂದಿಗೂ ಮುಖ್ಯವಾಗಿ ಕ್ರೋಲ್ ದಾರಿಯಲ್ಲೇ ತಯಾರಾಗುತ್ತದೆ.

ಈ ಲೋಹದ ಮರಳು ದಕ್ಷಿಣ ಭಾರತಕ್ಕೆ ಹೊಸದಲ್ಲ. ಕಂಬಂ ಕಣಿವೆಯ ದಕ್ಷಿಣಕ್ಕೆ, ಘಟ್ಟಸಾಲು ಸಮುದ್ರಕ್ಕಿಳಿಯುವ ಕನ್ಯಾಕುಮಾರಿ ಸೀಮೆಯಲ್ಲಿ ಮಣವಾಳಕುರಿಚ್ಚಿ ಎಂಬ ಊರಿದೆ. ಆಗ ಅದು ತಿರುವಾಂಕೂರು ಸಂಸ್ಥಾನದಲ್ಲಿತ್ತು. 1909ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಷೋಂಬರ್ಗ್, ಅಲ್ಲಿಂದ ರಫ್ತಾದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಮೊನಜೈಟ್ ಇರುವುದನ್ನು ಕಂಡುಕೊಂಡರು. ಗ್ಯಾಸ್ ದೀಪದ ಬಲೆಗೆ ಬೇಕಾದ ಥೋರಿಯಂ ಮೊನಜೈಟಿನಲ್ಲಿತ್ತು. ಅದೇ ಮರಳಿನಲ್ಲಿ ರಾಶಿರಾಶಿ ಇದ್ದ ಕಪ್ಪು ಇಲ್ಮನೈಟನ್ನು ಮೊದಮೊದಲು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇಲ್ಮನೈಟ್ ಎಂದರೆ ಕಬ್ಬಿಣ ಮತ್ತು ಟೈಟೇನಿಯಂ ಕೂಡಿದ ಆಕ್ಸೈಡ್. ಬಿಳಿ ಬಣ್ಣಕ್ಕೆ ಟೈಟೇನಿಯಂ ಡೈಆಕ್ಸೈಡ್ ಒಳ್ಳೆಯದೆಂದು ತಿಳಿದ ಮೇಲೆ, 1922ರಿಂದ ಅದರ ರಫ್ತು ಶುರುವಾಯಿತು. 1930ರ ದಶಕದಲ್ಲಿ ಜಗತ್ತಿನ ಇಲ್ಮನೈಟಿನ ದೊಡ್ಡ ಪಾಲು ತಿರುವಾಂಕೂರಿನ ಕಡಲತೀರದಿಂದಲೇ ಹೋಗುತ್ತಿತ್ತು. ಮರಳನ್ನು ಹಾಗೇ ಮಾರುವುದಕ್ಕಿಂತ ಬಣ್ಣವನ್ನೇ ಮಾಡುವುದು ಲೇಸೆಂದು 1946ರಲ್ಲಿ ತಿರುವನಂತಪುರದಲ್ಲಿ ಟ್ರಾವಂಕೂರ್ ಟೈಟೇನಿಯಂ ಪ್ರಾಡಕ್ಟ್ಸ್ ಕಂಪನಿ ಸ್ಥಾಪನೆಯಾಯಿತು.

ಆ ಕಂಪನಿ ಚೀಲ ತುಂಬಿ ಮಾರಿದ ಬಿಳಿ ಪುಡಿಯ ರಾಸಾಯನಿಕ ಸೂತ್ರವೂ, ಇಂಪ್ಲಾಂಟಿನ ಮೈಮೇಲೆ ಕಟ್ಟುವ ಪದರದ ಸೂತ್ರವೂ ಮೂಲತಃ ಒಂದೇ. ಟೈಟೇನಿಯಂ ಲೋಹವನ್ನು ಕತ್ತರಿಸಿದ ಕೂಡಲೇ, ಸೆಕೆಂಡಿನ ಸಣ್ಣ ಅಂಶದಲ್ಲಿ, ಗಾಳಿಯ ಆಮ್ಲಜನಕ ಅದಕ್ಕೆ ಕಚ್ಚಿಕೊಂಡು ಟೈಟೇನಿಯಂ ಡೈಆಕ್ಸೈಡಿನ ತೆಳುಪದರವಾಗುತ್ತದೆ. ಅದರ ದಪ್ಪ ಕೆಲವೇ ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರ್. ಗೀರು ಬಿದ್ದರೆ ಪದರ ತಾನೇ ಮತ್ತೆ ಕಟ್ಟುತ್ತದೆ. ಲೋಹವನ್ನು ಅದಿರಿನಿಂದ ಬಿಡಿಸಿಕೊಳ್ಳಲು ಅಡ್ಡಿಯಾಗಿದ್ದ ಆ ಆಮ್ಲಜನಕದ ಸೆಳೆತವೇ ದೇಹದೊಳಗೆ ಅದಕ್ಕೆ ಕಾವಲಾಗಿ ನಿಂತಿತು. ಮೂಳೆ ನೇರವಾಗಿ ಮುಟ್ಟುವುದು ಈ ಪದರವನ್ನೇ.

ಇದರ ಪರಿಣಾಮವನ್ನು ವೈದ್ಯರು ಮೊದಲು ಕಂಡದ್ದು ಪ್ರಾಣಿಗಳಲ್ಲಿ. 1940ರಲ್ಲಿ ಬೋತ್, ಬೀಟನ್ ಮತ್ತು ಡೇವನ್‌ಪೋರ್ಟ್ ಬೆಕ್ಕುಗಳ ತೊಡೆಮೂಳೆಗೆ ಹಲವು ಲೋಹಗಳನ್ನು ಕೂರಿಸಿ ನೋಡಿದರು. ಟೈಟೇನಿಯಂ ಜೊತೆಗೆ ಮೂಳೆ ಕೂಡಿಕೊಳ್ಳುವ ಪ್ರವೃತ್ತಿ ಅವರ ಕಣ್ಣಿಗೆ ಬಿತ್ತು. 1951ರಲ್ಲಿ ಫಿಲಡೆಲ್ಫಿಯಾದ ಗಾಟ್‌ಲೀಬ್ ಲೆವೆಂಥಾಲ್ ಇಲಿಗಳ ತೊಡೆಮೂಳೆಗೆ ಟೈಟೇನಿಯಂ ತಿರುಪುಗಳನ್ನು ಹಾಕಿದರು. ವಾರಗಳು ಕಳೆದಂತೆ ತಿರುಪುಗಳು ಬಿಗಿಯಾಗುತ್ತಾ ಹೋದವು. 16ನೇ ವಾರದಲ್ಲಿ ಒಂದು ತಿರುಪನ್ನು ತೆಗೆಯಲು ಹೋದಾಗ ತಿರುಪು ಬರುವ ಮೊದಲು ಮೂಳೆಯೇ ಮುರಿಯಿತು.

1952ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲುಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತದೆಂದು ನೋಡಲು ಟೈಟೇನಿಯಂ ಚೌಕಟ್ಟಿನ ಪುಟ್ಟ ದೃಶ್ಯಕೋಶವನ್ನು ಅಳವಡಿಸಿದ್ದರು. ಪ್ರಯೋಗ ಮುಗಿದ ಮೇಲೆ ಅದನ್ನು ಬಿಡಿಸಿಕೊಳ್ಳಲು ಆಗಲಿಲ್ಲ. ಮೂಳೆ ಲೋಹಕ್ಕೆ ಒತ್ತಿ ಬೆಳೆದಿತ್ತು. ಆ ಸುಳಿವನ್ನು ಅವರು ಕೈಬಿಡಲಿಲ್ಲ. ಗೊತೆನ್‌ಬರ್ಗ್‌ಗೆ ಬಂದ ಮೇಲೂ ವರ್ಷಗಟ್ಟಲೆ ಅದನ್ನೇ ಬೆನ್ನಟ್ಟಿದರು. 1965ರಲ್ಲಿ ಮೊದಲ ರೋಗಿಯ ದವಡೆಗೆ ಟೈಟೇನಿಯಂ ತಿರುಪುಗಳನ್ನು ಕೂರಿಸಿ ಅವುಗಳ ಮೇಲೆ ಹಲ್ಲು ಕಟ್ಟಿದರು. ವೈದ್ಯಲೋಕ ಸುಲಭಕ್ಕೆ ನಂಬಲಿಲ್ಲ. ಮೂಳೆ ಮತ್ತು ಲೋಹ ನಡುವೆ ತೆರೆಯಿಲ್ಲದೆ ಕೂಡಬಲ್ಲವು ಎಂಬ ಮಾತೇ ಪಾಠಪುಸ್ತಕಕ್ಕೆ ವಿರುದ್ಧವಾಗಿತ್ತು. 1982ರ ಟೊರಾಂಟೊ ಸಮ್ಮೇಳನದಲ್ಲಿ ವರ್ಷಗಳ ದಾಖಲೆಗಳನ್ನು ಮುಂದಿಟ್ಟ ಮೇಲೆಯೇ ಉತ್ತರ ಅಮೆರಿಕದ ದಂತವೈದ್ಯರು ಒಪ್ಪಿದರು.

ಬ್ರೋನೆಮಾರ್ಕ್ ಬಳಸಿದ ತಿರುಪುಗಳು ಲೇತಿನಲ್ಲಿ ತಿರುವಿ ಶುಚಿಗೊಳಿಸಿದವು, ಅಷ್ಟೇ. ಕೈಗೆ ನಯವೆನಿಸುತ್ತಿದ್ದವು. ಮೂಳೆ ಅವುಗಳನ್ನು ಹಿಡಿದುಕೊಳ್ಳಲು ಕಾಲ ಬೇಕಿತ್ತು. ಕೆಳದವಡೆಯಲ್ಲಿ 3 ತಿಂಗಳು, ಮೇಲ್ದವಡೆಯಲ್ಲಿ 6 ತಿಂಗಳು ಯಾವ ಭಾರವೂ ಬೀಳದಂತೆ ಕಾಯಬೇಕಿತ್ತು. ಮೂಳೆ ಟೊಳ್ಳಾದ ವೃದ್ಧರಲ್ಲಿ ತಿರುಪು ಸಡಿಲಾಗುವ ಭಯವೂ ಇತ್ತು. ಮೇಲ್ಮೈಯನ್ನು ಹದಗೊಳಿಸುವ ಕಸುಬು ಹುಟ್ಟಿಕೊಂಡದ್ದು ಈ ಕಾಯುವಿಕೆಯನ್ನು ಕಡಿಮೆ ಮಾಡುವುದಕ್ಕೆ, ಈ ಭಯವನ್ನು ನೀಗುವುದಕ್ಕೆ.

ಮೊದಲ ದಾರಿ ಒರಟುಗೊಳಿಸುವುದು. ಗಾರೆ ಕೆಲಸದವರು ನಯವಾದ ಗೋಡೆಗೆ ಕಚ್ಚು ಹಾಕಿಯೇ ಗಾರೆ ಮೆತ್ತುತ್ತಾರೆ. ಇಲ್ಲಿಯೂ ಅದೇ ಯೋಚನೆ. 1970ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಆಂಡ್ರೆ ಷ್ರೋಡರ್ ಅವರ ತಂಡ, ಟೈಟೇನಿಯಂ ಪುಡಿಯನ್ನೇ ಪ್ಲಾಸ್ಮಾ ಜ್ವಾಲೆಯಲ್ಲಿ ಕರಗಿಸಿ ತಿರುಪಿನ ಮೇಲೆ ಎರಚುವ ವಿಧಾನವನ್ನು ಬಳಸಿತು. ಹಿಡಿತ ಚೆನ್ನಾಗಿ ಬಂತು. ಆದರೆ ಅಷ್ಟು ಒರಟಾದ ಮೈ ಬಾಯಿಯೊಳಗೆ ತೆರೆದುಕೊಂಡರೆ ಬ್ಯಾಕ್ಟೀರಿಯಾಗಳಿಗೂ ಒಳ್ಳೆಯ ನೆಲೆ. ಹಾಗಾಗಿ ಒರಟುತನಕ್ಕೂ ಒಂದು ಹದ ಬೇಕೆಂಬ ತಿಳಿವಳಿಕೆ ಬಂತು. ಸ್ವೀಡನ್ನಿನ ಆನ್ ವೆನ್ನರ್‌ಬರ್ಗ್ ಮತ್ತು ಥಾಮಸ್ ಆಲ್ಬ್ರೆಕ್ಟ್ಸನ್ ಅವರ ಅಧ್ಯಯನಗಳು ಒಂದರಿಂದ ಎರಡು ಮೈಕ್ರೋಮೀಟರಿನ ನಡುವಿನ ಒರಟುತನಕ್ಕೆ ಮೂಳೆ ಹೆಚ್ಚು ಚೆನ್ನಾಗಿ ಒಗ್ಗುತ್ತದೆಂದು ತೋರಿಸಿದವು.

ಎರಡನೆಯ ದಾರಿ ಆಸಿಡ್ಡಿನದು. ಮೊದಲು ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರ್ ಗಾತ್ರದ ಕುರಂದ ಹರಳುಗಳನ್ನು ಲೋಹದ ಮೇಲೆ ರಭಸದಿಂದ ಸಿಡಿಸುತ್ತಾರೆ. ದೊಡ್ಡ ಗುಳಿಗಳು ಬೀಳುತ್ತವೆ. ಆಮೇಲೆ ಬಿಸಿಯಾದ ಹೈಡ್ರೋಕ್ಲೋರಿಕ್ ಮತ್ತು ಸಲ್ಫ್ಯೂರಿಕ್ ಆಸಿಡ್ಡಿನಲ್ಲಿ ಅದ್ದುತ್ತಾರೆ. ಆ ಗುಳಿಗಳ ಒಳಗೆ ಇನ್ನೂ ಸಣ್ಣ, ಒಂದೆರಡು ಮೈಕ್ರೋಮೀಟರಿನ ಕುಳಿಗಳು ಮೂಡುತ್ತವೆ. ರಕ್ತದ ಹೆಪ್ಪು, ಅದರ ಬೆನ್ನಿಗೆ ಬರುವ ಮೂಳೆಕಟ್ಟುವ ಜೀವಕೋಶ, ಈ ಸಣ್ಣ ಕುಳಿಗಳಲ್ಲಿ ನೆಲೆಯೂರುತ್ತವೆ. 1991ರಲ್ಲಿ ಡೇನಿಯಲ್ ಬೂಸರ್ ಮತ್ತು ಸಂಗಡಿಗರು ಹಂದಿಗಳ ಮೇಲೆ ಹಲವು ಬಗೆಯ ಮೈಗಳನ್ನು ಹೋಲಿಸಿ ನೋಡಿದಾಗ ಮೂಳೆಯ ಸಂಪರ್ಕ ಹೆಚ್ಚು ಸಿಕ್ಕ ಮೈಗಳಲ್ಲಿ ಇದೂ ಒಂದಾಗಿತ್ತು. ದಶಕದ ಕೊನೆಗೆ ಇದು ಮಾರುಕಟ್ಟೆಗೆ ಬಂದಾಗ ಕಾಯುವ ಕಾಲ 6ರಿಂದ 8 ವಾರಕ್ಕೆ ಇಳಿಯಿತು.

ಮೂರನೆಯದು ವಿದ್ಯುತ್ತಿನ ದಾರಿ, ಆನೊಡೈಸಿಂಗ್. ಲೋಹವನ್ನು ದ್ರಾವಣದಲ್ಲಿ ಮುಳುಗಿಸಿ ವೋಲ್ಟೇಜ್ ಕೊಟ್ಟರೆ ಆಕ್ಸೈಡ್ ಪದರ ದಪ್ಪವಾಗುತ್ತದೆ. ಪದರದ ದಪ್ಪಕ್ಕೆ ತಕ್ಕಂತೆ ಬೆಳಕು ವ್ಯತಿಕರಣಗೊಂಡು ಚಿನ್ನದ ಬಣ್ಣ, ನೀಲಿ, ನೇರಳೆ, ಹಸಿರು ಕಾಣಿಸಿಕೊಳ್ಳುತ್ತವೆ. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಬಣ್ಣಬಣ್ಣದ ತಿರುಪುಗಳನ್ನು ಕಂಡವರು ಅವು ಗಾತ್ರದ ಗುರುತಿಗೆಂದು ಬಲ್ಲರು. ಆದರೆ ಅಲ್ಲಿ ಬಳಿದ ಬಣ್ಣ ಒಂದು ಹನಿಯೂ ಇಲ್ಲ. ವೋಲ್ಟೇಜನ್ನು ಇನ್ನೂ ಏರಿಸಿದರೆ ಮೈಮೇಲೆ ಕಿಡಿಗಳೆದ್ದು ಆಕ್ಸೈಡ್ ರಂಧ್ರರಂಧ್ರವಾಗಿ, ಹಲವು ಮೈಕ್ರೋಮೀಟರ್ ದಪ್ಪಕ್ಕೆ ಬೆಳೆಯುತ್ತದೆ. 2000ದ ಹೊತ್ತಿಗೆ ಇಂಥ ಹಲ್ಲಿನ ಇಂಪ್ಲಾಂಟುಗಳು ಬಂದವು.

ನಾಲ್ಕನೆಯದು ಮೂಳೆಯ ಖನಿಜವನ್ನೇ ಲೇಪಿಸುವುದು. 1980ರ ದಶಕದ ನಡುವೆ ಲಂಡನ್ನಿನ ರೊನಾಲ್ಡ್ ಫರ್ಲಾಂಗ್, ನೆದರ್ಲೆಂಡಿನ ರುಡಾಲ್ಫ್ ಗೀಸಿಂಕ್ ಸೊಂಟದ ಕೀಲಿನ ಕಾಂಡಕ್ಕೆ ಹೈಡ್ರಾಕ್ಸಿಅಪಟೈಟ್ ಎಂಬ ಆ ಖನಿಜವನ್ನು ಎರಚಿ, ಸಿಮೆಂಟಿನ ಹಂಗಿಲ್ಲದೆ ಕೂರಿಸಿದರು. ಜಪಾನಿನ ಕ್ಯೋಟೊದಲ್ಲಿ ತದಾಶಿ ಕೊಕುಬೊ ಇನ್ನೊಂದು ಉಪಾಯ ಹುಡುಕಿದರು: ಟೈಟೇನಿಯಂ ಲೋಹವನ್ನು ಬೆಚ್ಚಗಿನ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸಿ, ಆಮೇಲೆ 600 ಡಿಗ್ರಿಗೆ ಕಾಯಿಸುವುದು. ಹೀಗೆ ಹದಗೊಂಡ ಮೈ ದೇಹದ್ರವದಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟುಗಳನ್ನು ಸೆಳೆದು ತನ್ನ ಮೇಲೆ ತಾನೇ ಮೂಳೆಖನಿಜ ಕಟ್ಟಿಕೊಳ್ಳುತ್ತದೆ. 2007ರಿಂದ ಜಪಾನಿನಲ್ಲಿ ಇಂಥ ಸೊಂಟದ ಕೀಲುಗಳು ಬಳಕೆಯಲ್ಲಿವೆ.

ಮೂಳೆಯ ವಿಷಯದಲ್ಲಿ ಇಷ್ಟು ಗೆದ್ದ ಲೋಹ ಉಜ್ಜಾಟದ ಮುಂದೆ ಸೋಲುತ್ತದೆ. ಇನ್ನೊಂದು ವಸ್ತುವಿನೊಡನೆ ಸದಾ ತಿಕ್ಕಾಡಿದರೆ ಆಕ್ಸೈಡ್ ಪದರ ಹರಿದು, ಟೈಟೇನಿಯಂ ಬೇಗ ಸವೆದು, ಸುತ್ತಲಿನ ಅಂಗಾಂಶ ಕಪ್ಪಾಗುತ್ತದೆ. ಈ ಪಾಠವನ್ನು ಭಾರತ ತನ್ನ ಸ್ವಂತ ಪ್ರಯೋಗದಲ್ಲಿ, ಬೆಲೆ ತೆತ್ತು ಕಲಿಯಿತು.

1970ರ ದಶಕದ ಉತ್ತರಾರ್ಧ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಹೊಣೆ ಹೊತ್ತಿದ್ದವರು ಹೃದಯ ಶಸ್ತ್ರವೈದ್ಯ ಎಂ.ಎಸ್. ವಲಿಯತ್ತಾನ್. ಸಂಧಿವಾತದ ಜ್ವರದಿಂದ ಹೃದಯದ ಕವಾಟ ಕೆಟ್ಟ ಹರೆಯದವರು, ಮಕ್ಕಳು ಸಾಲುಗಟ್ಟಿ ಬರುತ್ತಿದ್ದರು. ಹೊರದೇಶದ ಕೃತಕ ಕವಾಟ ಅವರಲ್ಲಿ ಹೆಚ್ಚಿನವರ ಕೈಗೆ ಎಟುಕುತ್ತಿರಲಿಲ್ಲ. ಇಲ್ಲೇ ಮಾಡೋಣವೆಂದು ಅವರು ಹೊರಟರು. ರಾಜಮನೆತನ ಬಿಟ್ಟುಕೊಟ್ಟ ಪೂಜಪ್ಪುರದ ಅರಮನೆಯಲ್ಲಿ ಸಂಸ್ಥೆಯ ತಂತ್ರಜ್ಞಾನ ವಿಭಾಗ ನೆಲೆಗೊಂಡಿತು; ಎಂಜಿನಿಯರ್ ಜಿ.ಎಸ್. ಭುವನೇಶ್ವರ್ ಮತ್ತು ಸಂಗಡಿಗರು ಅಲ್ಲಿ ಕೆಲಸಕ್ಕೆ ಕೂತರು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಪರೀಕ್ಷೆಗಳಲ್ಲಿ ಕೈಜೋಡಿಸಿತು. ಹೃದಯ ವರ್ಷಕ್ಕೆ ಸುಮಾರು 4 ಕೋಟಿ ಸಲ ಬಡಿಯುತ್ತದೆ. ಅಷ್ಟೇ ಸಲ ಕವಾಟದ ಬಿಲ್ಲೆ ತೆರೆದು ಮುಚ್ಚಬೇಕು. ವರ್ಷಗಳ ಬಡಿತವನ್ನು ಯಂತ್ರದ ಮೇಲೆ ತಿಂಗಳುಗಳಲ್ಲಿ ಮುಗಿಸಿ ಸವೆತ ನೋಡಬೇಕಿತ್ತು.

ಮೊದಲ ಮಾದರಿಯ ಚೌಕಟ್ಟು ಟೈಟೇನಿಯಂ, ಬಿಲ್ಲೆ ಪ್ಲಾಸ್ಟಿಕ್ಕಿನದು. ಬೆಸುಗೆ ಹಾಕಿದ ಜಾಗದಲ್ಲಿ ಲೋಹ ಪೆಡಸಾಗಿ ಕಂಬಿ ಮುರಿಯಿತು. ಎರಡನೆಯದರಲ್ಲಿ ಬೆಸುಗೆಯೇ ಇಲ್ಲದಂತೆ ಒಂದೇ ಟೈಟೇನಿಯಂ ಗಟ್ಟಿಯಿಂದ ಚೌಕಟ್ಟನ್ನು ಕಡೆದರು. ಬಿಲ್ಲೆಗೆ ಕೃತಕ ನೀಲಮಣಿಯ ಹರಳು ಬಳಸಿದರು. ಗಟ್ಟಿ ಹರಳಿನ ಉಜ್ಜಾಟಕ್ಕೆ ಟೈಟೇನಿಯಂ ಮಿತಿಮೀರಿ ಸವೆಯಿತು. ಮೂರನೆಯದರಲ್ಲಿ ಟೈಟೇನಿಯಂ ಬಿಟ್ಟು ಹೇನ್ಸ್-25 ಎಂಬ ಕೋಬಾಲ್ಟ್ ಮಿಶ್ರಲೋಹಕ್ಕೆ ಹೋದರು. ಸವೆತ ನಿಂತಿತು, ಆದರೆ ಕುರಿಗೆ ಅಳವಡಿಸಿದ ಮೇಲೆ ಹರಳಿನ ಬಿಲ್ಲೆಯೇ ಒಡೆಯಿತು. ನಾಲ್ಕನೆಯ ಸಲ ಅದೇ ಮಿಶ್ರಲೋಹದ ಚೌಕಟ್ಟಿಗೆ ಅತಿ ಹೆಚ್ಚು ಅಣುತೂಕದ ಪಾಲಿಥಿಲೀನ್ ಬಿಲ್ಲೆ ಹಾಕಿದರು. ಅದು ನಿಂತಿತು. 1990ರ ಡಿಸೆಂಬರ್ 6ರಂದು ಮೊದಲ ರೋಗಿಗೆ ಅಳವಡಿಸಲಾಯಿತು. ಟಿಟಿಕೆ ಕಂಪನಿ ತಯಾರಿಸಿದ ಚಿತ್ರಾ ಕವಾಟ ಇದುವರೆಗೆ ಒಂದು ಲಕ್ಷಕ್ಕೂ ಹೆಚ್ಚು ಜನರ ಎದೆ ಸೇರಿದೆ. ವಲಿಯತ್ತಾನ್ ಮುಂದೆ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಕರ್ನಾಟಕಕ್ಕೆ ಬಂದರು. 2024ರ ಜುಲೈ 17ರಂದು ಮಣಿಪಾಲದಲ್ಲೇ ತೀರಿಕೊಂಡರು.

ಕವಾಟದ ಮೊದಲ ಮೂರು ಸೋಲುಗಳಲ್ಲಿ ಒಂದು ನೇರವಾಗಿ ಟೈಟೇನಿಯಂನ ಮೇಲ್ಮೈಯದು. ಅದನ್ನು ಮುಚ್ಚಿಡದೆ ಬರೆದು ಪ್ರಕಟಿಸಿದ್ದು ಆ ತಂಡದ ದೊಡ್ಡತನ. ಟೈಟೇನಿಯಂನ ಮೇಲೆ ಟೈಟೇನಿಯಂ ನೈಟ್ರೈಡಿನ ಗಟ್ಟಿಯಾದ, ಚಿನ್ನದ ಬಣ್ಣದ ಪದರ ಕಟ್ಟುವುದು ಇಂಥ ಸವೆತಕ್ಕೆ ಜಗತ್ತು ಕಂಡುಕೊಂಡ ಉತ್ತರಗಳಲ್ಲಿ ಒಂದು.

ದಕ್ಷಿಣದಲ್ಲಿ ಈ ಕಸುಬಿಗೆ ಬೇಕಾದುದೆಲ್ಲ ಇದೆ. ಮರಳು ಇದೆ. ಕೇರಳದ ಚವರದಲ್ಲಿ 2011ರಲ್ಲಿ ವರ್ಷಕ್ಕೆ 500 ಟನ್ ಸಾಮರ್ಥ್ಯದ ಟೈಟೇನಿಯಂ ಸ್ಪಾಂಜ್ (ಕಚ್ಚಾ ಲೋಹ) ಕಾರ್ಖಾನೆ ಶುರುವಾಯಿತು. ಮರಳಿನಿಂದ ಲೋಹದವರೆಗಿನ ದಾರಿ ಅಂದಿಗೆ ದೇಶದೊಳಗೇ ಕೂಡಿಕೊಂಡಿತು. ಹೈದರಾಬಾದಿನ ಮಿಧಾನಿ ಕಾರ್ಖಾನೆಯಲ್ಲಿ ಮಿಶ್ರಲೋಹ ತಯಾರಾಗುತ್ತದೆ. ಲೋಹದ ಮೈ ಹದಗೊಳಿಸುವ ವಿದ್ಯೆಗೆ ಚಿನ್ನಮನೂರಿನಿಂದ ಬಹಳ ದೂರ ಹೋಗಬೇಕಿಲ್ಲ: ಮದುರೈ ದಾಟಿದರೆ ಕಾರೈಕುಡಿ. ಅಲ್ಲಿ ಅಳಗಪ್ಪ ಚೆಟ್ಟಿಯಾರರು ಕೊಟ್ಟ 300 ಎಕರೆ ನೆಲ ಮತ್ತು 15 ಲಕ್ಷ ರೂಪಾಯಿಯ ನೆರವಿನಿಂದ ಎದ್ದ ಕೇಂದ್ರೀಯ ವಿದ್ಯುತ್‌ರಾಸಾಯನಿಕ ಸಂಶೋಧನಾ ಸಂಸ್ಥೆ 1953ರಿಂದ ತುಕ್ಕು, ಲೇಪನ, ಆನೊಡೈಸಿಂಗ್ ಕುರಿತು ಕೆಲಸ ಮಾಡುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೂಳೆ ಮತ್ತು ಹಲ್ಲಿನ ಇಂಪ್ಲಾಂಟುಗಳ ಮೇಲೆ ಸಂಶೋಧನೆ ನಡೆದಿದೆ.

ತಯಾರಿಕೆ ಹತ್ತಿರ ಬಂದರೆ ಏನಾಗುತ್ತದೆಂಬುದನ್ನು ಇದೇ ಸೀಮೆ ಕಣ್ಣಾರೆ ಕಂಡಿದೆ. ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆ 1985ರಲ್ಲಿ ತೇನಿಯಲ್ಲಿ ಶಾಖೆ ತೆರೆಯಿತು. 1992ರಲ್ಲಿ ಅದರ ಅಂಗವಾಗಿ ಆರೋಲ್ಯಾಬ್ ಕಣ್ಣಿನೊಳಗಿಡುವ ಮಸೂರವನ್ನು ಮದುರೈನಲ್ಲೇ ತಯಾರಿಸತೊಡಗಿತು. ಹೊರದೇಶದಿಂದ ನೂರು ಡಾಲರಿನ ಆಸುಪಾಸಿಗೆ ಬರುತ್ತಿದ್ದ ಮಸೂರದ ಬೆಲೆ ಹತ್ತು ಡಾಲರಿನ ಸುತ್ತಮುತ್ತ ಇಳಿಯಿತು; ಪೊರೆ ಬಂದ ಕಣ್ಣಿಗೆ ಮಸೂರ ಹಾಕಿಸಿಕೊಳ್ಳುವುದು ಹಳ್ಳಿಯವರಿಗೂ ಸಾಧ್ಯವಾಯಿತು. ಮೂಳೆಯ ಲೋಹದಲ್ಲಿ ಇಂಥ ಬದಲಾವಣೆ ಬಂದದ್ದು ಸರ್ಕಾರದ ಆದೇಶದಿಂದ. 2017ರ ಆಗಸ್ಟಿನಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಮಂಡಿ ಕೀಲಿನ ಇಂಪ್ಲಾಂಟುಗಳಿಗೆ ಗರಿಷ್ಠ ಬೆಲೆ ಗೊತ್ತುಮಾಡಿತು: ತೆರಿಗೆ ಬಿಟ್ಟು ಸಾಮಾನ್ಯ ಕೋಬಾಲ್ಟ್–ಕ್ರೋಮಿಯಂ ಕೀಲಿಗೆ 54,720 ರೂಪಾಯಿ, ಟೈಟೇನಿಯಂನಂಥ ವಿಶೇಷ ಲೋಹದ ಕೀಲಿಗೆ 76,600 ರೂಪಾಯಿ.

ಬೆಲೆಗೆ ಮಿತಿ ಹಾಕುವುದು ಅಗತ್ಯವಾಗಿತ್ತು, ಅದೊಂದೇ ಸಾಲದು. ನಮ್ಮ ಕಡಲತೀರದ ಮರಳು ನೂರು ವರ್ಷದ ಹಿಂದೆ ಹಡಗು ಹತ್ತಿ ಹೋಗಿ, ಬೇರೆಯವರ ವಿದ್ಯೆಯಿಂದ ಬೆಲೆ ಪಡೆಯಿತು. ಲೋಹವನ್ನು ಮಾಡಲು ಈಗ ಬಲ್ಲೆವು. ಅದರ ಮೇಲಿನ ಕೆಲವು ಮೈಕ್ರೋಮೀಟರುಗಳನ್ನು ಹದಗೊಳಿಸುವ ಕಸುಬು ಪ್ರಯೋಗಾಲಯದ ಪ್ರಬಂಧಗಳಲ್ಲಿ ನಿಲ್ಲದೆ ಸಣ್ಣ ಊರಿನ ಆಸ್ಪತ್ರೆಯವರೆಗೆ ಇಳಿದು ಬರಬೇಕು. ಚಿತ್ರಾ ಕವಾಟದ ತಂಡ ತೋರಿದ ತಾಳ್ಮೆಯೇ ಅದಕ್ಕೆ ದಾರಿ. ಅದುವರೆಗೆ ಓದುಗರೂ ಒಂದು ಕೆಲಸ ಮಾಡಬಹುದು. ಮನೆಯ ಯಾರಿಗಾದರೂ ಇಂಪ್ಲಾಂಟ್ ಹಾಕಿಸುವಾಗ ಅದು ಯಾವ ಲೋಹ, ಮೇಲ್ಮೈ ಯಾವ ಬಗೆಯದು ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ತಯಾರಕರ ಹೆಸರು, ಬ್ಯಾಚ್ ಸಂಖ್ಯೆ ಇರುವ ಚೀಟಿಯನ್ನು ಕೇಳಿ ಪಡೆದು, ಮನೆಯ ಮುಖ್ಯ ಕಾಗದಪತ್ರಗಳ ಜೊತೆಯಲ್ಲೇ ಜೋಪಾನವಾಗಿಡಿ. ಹತ್ತು ವರ್ಷದ ಮೇಲೆ ಅದನ್ನು ಬದಲಿಸಬೇಕಾಗಿ ಬಂದರೆ ಮುಂದಿನ ವೈದ್ಯರು ಮೊದಲು ಕೇಳುವುದು ಅದನ್ನೇ.